ಕೊಡಗಿನ ಮಳೆಯಲ್ಲಿ ಫಂಕ್, ಡಿಸ್ಕೊ, ಹಿಪ್‌ಹಾಪ್ ರೆಕಾರ್ಡ್ ಕೂಡಿಡುವುದು: ಒಂದು ಸಮಗ್ರ ಮಾರ್ಗದರ್ಶಿ

ಜೂನ್‌ನಲ್ಲಿ ಬೀರುವಿನ ಬಾಗಿಲು ಮುಚ್ಚಿದೆ. ತೋಟದ ಕೆಲಸ, ಮಳೆ, ಕರೆಂಟ್ ಇಲ್ಲದ ದಿನಗಳು. ಮತ್ತೆ ತೆಗೆದಿದ್ದು ಆಗಸ್ಟ್ ಕೊನೆಗೆ. 38 ರೆಕಾರ್ಡ್‌ಗಳ ಕವರ್ ಮೇಲೆ ಬಿಳಿ ಬೂಷ್ಟು ಹಬ್ಬಿತ್ತು. ಕೆಲವು ಕವರ್‌ಗಳು ಒಂದಕ್ಕೊಂದು ಅಂಟಿಕೊಂಡು, ಬಿಡಿಸಲು ಹೋದರೆ ಚಿತ್ರವೇ ಕಿತ್ತು ಬಂತು. ಅವನ್ನೆಲ್ಲ ಸೇರಿಸಲು ನನಗೆ 6 ವರ್ಷ ಹಿಡಿದಿತ್ತು. ಅವತ್ತು ಆದ ಸಂಕಟ ಇನ್ನೂ ನೆನಪಿದೆ.

ರೆಕಾರ್ಡ್ ಸಂಗ್ರಹದ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಯಾವ ಪ್ಲೇಟು ಕೊಳ್ಳಬೇಕು ಎಂದು ಶುರು ಮಾಡುತ್ತಾರೆ. ಕೊಡಗಿನಲ್ಲಿ ಹಾಗೆ ಶುರು ಮಾಡಿದರೆ ಎರಡನೇ ಮಳೆಗಾಲಕ್ಕೆ ಎಲ್ಲ ಹೋಗುತ್ತದೆ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿ.ಮೀ.ಗೂ ಜಾಸ್ತಿ ಮಳೆ ಬೀಳುತ್ತದೆ. ಅದಕ್ಕೇ ಇಲ್ಲಿ ಮೊದಲು ಒಣ ಜಾಗ, ಆಮೇಲೆ ಮಷಿನ್, ಪ್ಲೇಟು ಕೊನೆಗೆ.

1. ಮೊದಲು ಒಣ ಜಾಗ ಮಾಡಿ

ಕಾಫಿ ಬೆಳೆಯುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಪಾರ್ಚ್‌ಮೆಂಟ್ ಕಾಫಿ ಬೀಜ ಸರಿಯಾಗಿ ಒಣಗದೆ ಚೀಲ ಕಟ್ಟಿದರೆ ಏನಾಗುತ್ತದೆ ಎಂದು ಎಲ್ಲರಿಗೂ ಗೊತ್ತು. ರೆಕಾರ್ಡ್ ಕವರ್ ಕೂಡ ಹಾಗೇ. ಪ್ಲೇಟು ಪ್ಲಾಸ್ಟಿಕ್, ಪಿವಿಸಿ. ಅದಕ್ಕೆ ತೇವದಿಂದ ನೇರ ತೊಂದರೆ ಕಡಿಮೆ. ಆದರೆ ಕವರ್ ಕಾಗದ, ಅಂಟು, ರಟ್ಟು. ಬೂಷ್ಟಿಗೆ ಇದೇ ಆಹಾರ. ಅಲ್ಲಿ ಹುಟ್ಟಿದ್ದು ನಿಧಾನವಾಗಿ ಪ್ಲೇಟಿನ ಗೆರೆಗಳ ಒಳಕ್ಕೂ ಇಳಿಯುತ್ತದೆ.

ಮೊದಲ ಖರ್ಚು ಒಂದು ಡಿಜಿಟಲ್ ತೇವಾಂಶ ಮೀಟರ್ ಆಗಲಿ. ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಅದನ್ನು ರೆಕಾರ್ಡ್ ಇಡುವ ಕೋಣೆಯಲ್ಲಿ ಒಂದು ವಾರ ಬಿಟ್ಟು ನೋಡಿ. ಶೇ. 45ರಿಂದ 50 ಇದ್ದರೆ ಒಳ್ಳೆಯದು. 60ರವರೆಗೂ ನಡೆಯುತ್ತದೆ. 65 ದಾಟಿ ದಿನಗಟ್ಟಲೆ ನಿಂತರೆ ಬೂಷ್ಟು ಬರುತ್ತದೆ. ನನ್ನ ಮನೆಯೊಳಗೆ ಜುಲೈನಲ್ಲಿ ಅದು 90 ದಾಟುತ್ತದೆ!

ಜಾಗ ಆರಿಸುವಾಗ ಹೊರಗೋಡೆಗೆ ತಾಗಿಸಬೇಡಿ. ಕೊಡಗಿನ ಹಳೇ ಮನೆಗಳ ದಪ್ಪ ಗೋಡೆಗಳು ಮಳೆಗಾಲದಲ್ಲಿ ನೀರು ಹೀರಿಕೊಂಡು ಕೂತಿರುತ್ತವೆ. ಮನೆಯ ಮಧ್ಯದ ಕೋಣೆ, ಒಳಗೋಡೆ, ನೆಲದಿಂದ ಒಂದು ಅಡಿಯಾದರೂ ಎತ್ತರ, ಹಿಂದೆ ನಾಲ್ಕು ಬೆರಳು ಗಾಳಿ ಆಡುವ ಜಾಗ. ಅಟ್ಟದಲ್ಲಿ ಇಡಲೇಬೇಡಿ. ಮಳೆಗಾಲದಲ್ಲಿ ತೇವ, ಏಪ್ರಿಲ್‌ನಲ್ಲಿ ಹೆಂಚಿನ ಕಾವು, ಎರಡೂ ಅಲ್ಲೇ ಜಾಸ್ತಿ.

ತೇವ ತೆಗೆಯಲು ಎರಡು ದಾರಿ. ಕರೆಂಟ್ ಇರುವವರೆಗೆ ಡಿಹ್ಯುಮಿಡಿಫೈಯರ್. ಜುಲೈನಲ್ಲಿ ಒಂದು ಸಣ್ಣ ಕೋಣೆಯಿಂದ ದಿನಕ್ಕೆ 2ರಿಂದ 3 ಲೀಟರ್ ನೀರು ಸುರಿದಿದ್ದೇನೆ. ಬಾಗಿಲು ಕಿಟಕಿ ಮುಚ್ಚಿದ್ದರೆ ಮಾತ್ರ ಅದು ಕೆಲಸ ಮಾಡುತ್ತದೆ. ಆದರೆ ಮಳೆ ಜೋರಾದಾಗ ಮರ ಬಿದ್ದು ತಂತಿ ಹೋಗುತ್ತದೆ, ಮೂರು ನಾಲ್ಕು ದಿನ ಕರೆಂಟ್ ಇರುವುದಿಲ್ಲ. ಆಗ ಎರಡನೇ ದಾರಿ: ಬಿಗಿ ಮುಚ್ಚಳದ, ಒಳಗಿನದು ಕಾಣುವ ದೊಡ್ಡ ಪ್ಲಾಸ್ಟಿಕ್ ಡಬ್ಬ, ಒಳಗೆ ತೇವ ಹೀರುವ ಸಿಲಿಕಾ ಜೆಲ್ ಹರಳು. 25 ರೆಕಾರ್ಡ್ ಇರುವ ಡಬ್ಬಕ್ಕೆ ನಾನು ಅರ್ಧ ಕಿಲೋ ಬಲೆ ಬಟ್ಟೆಯ ಚೀಲದಲ್ಲಿ ಕಟ್ಟಿ ಇಡುತ್ತೇನೆ. ಬಣ್ಣ ಬದಲಾಗುವ ಜೆಲ್ ತನ್ನಿ. ಕಿತ್ತಳೆ ಬಣ್ಣದ್ದು ನೀರು ಕುಡಿದಾಗ ಹಸಿರಾಗುತ್ತದೆ. ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ಮೊದಲಿನಂತಾಗುತ್ತದೆ.

ಒಂದು ಎಚ್ಚರಿಕೆ. ಡಬ್ಬಕ್ಕೆ ಹಾಕುವ ಮೊದಲು ಕವರ್ ಒಣಗಿರಬೇಕು. ಒದ್ದೆ ಕವರನ್ನು ಬಿಗಿಯಾಗಿ ಮುಚ್ಚಿದರೆ ಒಳಗೇ ಬೂಷ್ಟು ಸಾಕಿದ ಹಾಗೆ. ಬಟ್ಟೆ ಒಣಗಿಸುವ ಹಾಗೆ ಕೆಂಡದ ಹತ್ತಿರವೂ ಇಡಬೇಡಿ. ಹೊಗೆಯ ಜಿಡ್ಡು ಗೆರೆಗಳಲ್ಲಿ ಕೂರುತ್ತದೆ, ಕಾವಿಗೆ ಪ್ಲೇಟು ಡೊಂಕಾಗುತ್ತದೆ.

ರೆಕಾರ್ಡ್‌ಗಳು ಯಾವತ್ತೂ ನೇರವಾಗಿ ನಿಂತಿರಬೇಕು. ಒಂದರ ಮೇಲೊಂದು ಪೇರಿಸಿದರೆ ಕೆಳಗಿನವು ಭಾರಕ್ಕೆ ಹಾಳಾಗುತ್ತವೆ. 100 ಎಲ್‌ಪಿ (12 ಇಂಚಿನ ದೊಡ್ಡ ಪ್ಲೇಟು) ಕವರ್ ಸಮೇತ 20ರಿಂದ 25 ಕಿಲೋ ತೂಗುತ್ತವೆ, ಹಲಗೆ ಗಟ್ಟಿ ಇರಲಿ. ಹೊರಗಿನ ಪ್ಲಾಸ್ಟಿಕ್ ಕವರ್ ಪಾಲಿಥೀನ್ ಅಥವಾ ಪಾಲಿಪ್ರೊಪಿಲೀನ್ ಆಗಿರಲಿ. ದಪ್ಪ, ಮೆತ್ತನೆ ಪಿವಿಸಿ ಕವರ್ ನೋಡಲು ಚೆನ್ನಾಗಿರುತ್ತದೆ, ಆದರೆ ವರ್ಷಗಳಲ್ಲಿ ಪ್ಲೇಟಿನ ಮೇಲೆ ಮಂಜಿನಂಥ ಕಲೆ ಬಿಡುತ್ತದೆ. ಆ ಕಲೆ ಹೋಗುವುದಿಲ್ಲ.

2. ಮಷಿನ್

ಅಜ್ಜನ ಕಾಲದ ಎಚ್‌ಎಂವಿ ಫಿಯೆಸ್ಟಾ ರೆಕಾರ್ಡ್ ಪ್ಲೇಯರ್ ಮನೆಯಲ್ಲಿದ್ದರೆ ಜೋಪಾನವಾಗಿ ಇಟ್ಟುಕೊಳ್ಳಿ. ಆದರೆ ಅದರಲ್ಲಿ ಒಳ್ಳೆಯ ಫಂಕ್ (ಬೇಸ್, ಡ್ರಮ್ ಮುಂದಿರುವ ಅಮೆರಿಕದ ಕುಣಿತದ ಸಂಗೀತ) ರೆಕಾರ್ಡ್ ಹಾಕಬೇಡಿ. ಅಂಥ ಹಳೇ ಮಷಿನ್‌ಗಳ ಮುಳ್ಳು ತುಂಬಾ ಭಾರವಾಗಿ ಕೂರುತ್ತದೆ. ಈಗ ಸಿಗುವ ಅಗ್ಗದ ಸೂಟ್‌ಕೇಸ್ ಪ್ಲೇಯರ್‌ಗಳೂ ಹೆಚ್ಚಿನವು ಹಾಗೇ. ಈಗಿನ ಸಾಮಾನ್ಯ ಬಗೆಯಾದ ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್‌ಗೆ (ಮುಳ್ಳು ಕೂರುವ ಭಾಗ) ಸುಮಾರು 2 ಗ್ರಾಂ ಭಾರ ಸಾಕು. ಕಂಪನಿ ಹೇಳಿದ ಭಾರವನ್ನು ಸಣ್ಣ ಡಿಜಿಟಲ್ ತಕ್ಕಡಿಯಲ್ಲಿ ಅಳೆದು ಇಡಿ. ಕಡಿಮೆ ಇಟ್ಟರೆ ಒಳ್ಳೆಯದು ಅಂದುಕೊಳ್ಳಬೇಡಿ. ಮುಳ್ಳು ಗೆರೆಯೊಳಗೆ ಗಟ್ಟಿಯಾಗಿ ಕೂರದೆ ಕುಣಿದರೆ ಅದೇ ಜಾಸ್ತಿ ಹಾಳು ಮಾಡುತ್ತದೆ.

ಡಿಜೆಗಳ ಹೆಸರಾಂತ ಮಷಿನ್ ಟೆಕ್ನಿಕ್ಸ್ ಎಸ್‌ಎಲ್-1200. 1972ರಲ್ಲಿ ಬಂತು, 1979ರಲ್ಲಿ ಅದರ ಎರಡನೇ ಮಾದರಿ ಎಂಕೆ2 ಬಂತು. ಬೆಲ್ಟ್ ಇಲ್ಲ, ಮೋಟಾರೇ ನೇರವಾಗಿ ತಟ್ಟೆ ತಿರುಗಿಸುತ್ತದೆ. ಅದೇ ಬೇಕೆಂದೇನಿಲ್ಲ. ಭಾರ ಹೊಂದಿಸಲು ಬರುವ, ಮುಳ್ಳು ಬದಲಾಯಿಸಲು ಆಗುವ ಯಾವ ಮಷಿನ್ ಆದರೂ ಸರಿ. ಜೊತೆಗೆ ಫೋನೊ ಪ್ರಿಆಂಪ್ ಬೇಕು. ರೆಕಾರ್ಡಿನ ಗೆರೆ ಕೊರೆಯುವಾಗ ಕೆಳಗಿನ ಬೇಸ್ ದನಿಯನ್ನು ಕುಗ್ಗಿಸಿ, ಮೇಲಿನ ದನಿಯನ್ನು ಎತ್ತಿ ಇಟ್ಟಿರುತ್ತಾರೆ. ಪ್ರಿಆಂಪ್ ಅದನ್ನು ತಿರುಗಿಸಿ ಸರಿ ಮಾಡುತ್ತದೆ. ಅದಿಲ್ಲದೆ ಫಂಕ್ ಕೇಳಿದರೆ ಬೇಸ್ ಗಿಟಾರೇ ಕೇಳಿಸುವುದಿಲ್ಲ. ಬೇಸ್ ಇಲ್ಲದ ಫಂಕ್ ಏಕೆ, ಅಲ್ವಾ?

ತೋಟದ ಮನೆಯವರಿಗೆ ಒಂದು ಮಾತು. ಜನರೇಟರ್‌ನಲ್ಲಿ ರೆಕಾರ್ಡ್ ಹಾಕಿದಾಗ ಹಾಡು ಎಳೆದ ಹಾಗೆ, ಆಮೇಲೆ ಓಡಿದ ಹಾಗೆ ಕೇಳಿಸಿದರೆ ಪ್ಲೇಟಿನ ತಪ್ಪಲ್ಲ. ಕೆಲವು ಬೆಲ್ಟ್ ಮಷಿನ್‌ಗಳ ಎಸಿ ಮೋಟಾರ್ ಕರೆಂಟಿನ 50 ಹರ್ಟ್ಸ್ ಲೆಕ್ಕಕ್ಕೆ ತಿರುಗುತ್ತದೆ. ಜನರೇಟರ್ ಏರಿಳಿದರೆ ಹಾಡೂ ಏರಿಳಿಯುತ್ತದೆ. ಡಿಸಿ ಮೋಟಾರ್ ಅಥವಾ ವೇಗವನ್ನು ಕಟ್ಟಿ ಹಿಡಿಯುವ ಕ್ವಾರ್ಟ್ಜ್ ಲಾಕ್ ಇರುವ ಮಷಿನ್‌ಗೆ ಈ ತೊಂದರೆ ಇಲ್ಲ. ಇನ್ವರ್ಟರ್ ಇದ್ದರೆ ಪ್ಯೂರ್ ಸೈನ್ ವೇವ್ ಮಾದರಿಯದ್ದು ಇರಲಿ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ಪ್ಲಗ್ ಕಿತ್ತಿಡಿ.

3. ಏನನ್ನು ಹುಡುಕಬೇಕು

ಕೊಡಗಿನವರು ಎಲ್ಲಿಂದ ಶುರು ಮಾಡಬೇಕು ಎಂದು ಯಾರಾದರೂ ಕೇಳಿದರೆ ನನ್ನ ಉತ್ತರ ಒಂದೇ: ಬಿಡ್ಡು. ಬಿಡ್ಡು ಅಪ್ಪಯ್ಯ ಕೊಡವರು, ಬೆಂಗಳೂರಿನಲ್ಲಿ ಹುಟ್ಟಿ ಬೆಳೆದವರು, ಇಂಗ್ಲೆಂಡಿಗೆ ಹೋಗಿ ಡಿಸ್ಕೊ ಸಂಗೀತದ ಮೊದಲ ಸಾಲಿನ ನಿರ್ಮಾಪಕರಾದರು. 1974ರಲ್ಲಿ ಕಾರ್ಲ್ ಡಗ್ಲಸ್ ಹಾಡಿದ 'ಕುಂಗ್ ಫು ಫೈಟಿಂಗ್' ಅವರು ಮಾಡಿಸಿದ್ದು. ಅದನ್ನು ಮೊದಲು ರೆಕಾರ್ಡಿನ ಹಿಂಬದಿಯ ಹಾಡು ಅಂತ ಮಾಡಿದ್ದು. ಕೊನೆಗೆ ಬ್ರಿಟನ್ನಿನಲ್ಲೂ ಅಮೆರಿಕದಲ್ಲೂ ಮೊದಲ ಸ್ಥಾನಕ್ಕೆ ಹೋಯಿತು. 1976ರಲ್ಲಿ ಟೀನಾ ಚಾರ್ಲ್ಸ್ ಹಾಡು ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೆ ಹೋದಾಗಲೂ ನಿರ್ಮಾಪಕರು ಅವರೇ. ಆಮೇಲೆ 1980ರ 'ಕುರ್ಬಾನಿ' ಚಿತ್ರಕ್ಕೆ ನಾಜಿಯಾ ಹಸನ್ ಹಾಡಿದ ಹಾಡು, 1981ರ 'ಡಿಸ್ಕೊ ದೀವಾನೆ' ಆಲ್ಬಮ್. ಕೊನೆಯ ಎರಡರ ಭಾರತದ ಪ್ರತಿಗಳು ಹುಡುಕಿದರೆ ಈಗಲೂ ಸಿಗುತ್ತವೆ. ಲೋಕದ ಡಿಸ್ಕೊ ಕಥೆಯಲ್ಲಿ ನಮ್ಮ ಕಡೆಯವರೊಬ್ಬರು ಇಷ್ಟು ದೊಡ್ಡದಾಗಿ ಇದ್ದಾರೆ ಎಂದು ತಿಳಿದ ದಿನ ನಾನು 'ಕುಂಗ್ ಫು ಫೈಟಿಂಗ್' ಪ್ಲೇಟನ್ನು ಎಷ್ಟು ಸಲ ಹಾಕಿದೆನೋ ಲೆಕ್ಕವಿಲ್ಲ.

ಅಲ್ಲಿಂದ ಮುಂದೆ ದಾರಿ ಕವಲೊಡೆಯುತ್ತದೆ.

ಡಿಸ್ಕೊ ಇಷ್ಟವಾದರೆ 12 ಇಂಚಿನ ಸಿಂಗಲ್‌ಗಳನ್ನು, ಅಂದರೆ ಒಂದು ಹಾಡಿಗಾಗಿಯೇ ಬರುವ ಪ್ಲೇಟುಗಳನ್ನು ಹುಡುಕಿ. 7 ಇಂಚಿನ ಪ್ಲೇಟಿನಲ್ಲಿ ಹಾಡು ಮೂರು, ನಾಲ್ಕು ನಿಮಿಷಕ್ಕೆ ಮುಗಿಯುತ್ತದೆ. ಕುಣಿಯುವವರಿಗೆ ಅದು ಸಾಲದು. ದೊಡ್ಡ ಪ್ಲೇಟಿನಲ್ಲಿ ಒಂದೇ ಹಾಡು ಹಾಕಿದರೆ ಗೆರೆಗಳು ಅಗಲವಾಗುತ್ತವೆ, ದನಿ ಜೋರಾಗುತ್ತದೆ, ಬೇಸ್ ತುಂಬಿ ಬರುತ್ತದೆ. ನ್ಯೂಯಾರ್ಕಿನಲ್ಲಿ ಟಾಮ್ ಮೌಲ್ಟನ್ ಇದನ್ನು ಕಂಡುಕೊಂಡರು. 1976ರಲ್ಲಿ ಸಾಲ್‌ಸೋಲ್ ಲೇಬಲ್ (ಲೇಬಲ್ ಎಂದರೆ ರೆಕಾರ್ಡ್ ಕಂಪನಿ) ಅಂಗಡಿಯಲ್ಲಿ ಮಾರಲು ಮೊದಲ 12 ಇಂಚಿನ ಸಿಂಗಲ್ ತಂದಿತು. ವಾಲ್ಟರ್ ಗಿಬ್ಬನ್ಸ್ ಅದರ ಮಿಕ್ಸ್ ಮಾಡಿದ್ದರು. ಪ್ಲೇಟಿನ ಮಧ್ಯದ ಕಾಗದದ ಮೇಲೆ ಈ ಹೆಸರುಗಳು ಕಂಡರೆ, ಅಥವಾ ಡಿಜೆ ಲ್ಯಾರಿ ಲೆವಾನ್ ಹೆಸರು ಕಂಡರೆ, ಹಾಡು ಗೊತ್ತಿಲ್ಲದಿದ್ದರೂ ಕೈಗೆತ್ತಿಕೊಳ್ಳಿ. ಲೇಬಲ್‌ಗಳಲ್ಲಿ ಸಾಲ್‌ಸೋಲ್, ವೆಸ್ಟ್ ಎಂಡ್, ಪ್ರಿಲ್ಯೂಡ್ ನೆನಪಿಡಿ.

ಫಂಕ್ ಎಂದರೆ ಮೊದಲು ಅಮೆರಿಕದ ಗಾಯಕ ಜೇಮ್ಸ್ ಬ್ರೌನ್. ಅವರ 'ಫಂಕಿ ಡ್ರಮ್ಮರ್' 1970ರಲ್ಲಿ ಕಿಂಗ್ ಲೇಬಲ್‌ನಲ್ಲಿ ಸಣ್ಣ ಪ್ಲೇಟಾಗಿ ಬಂತು. ಅದರಲ್ಲಿ ಕ್ಲೈಡ್ ಸ್ಟಬಲ್‌ಫೀಲ್ಡ್ ಒಬ್ಬರೇ ಡ್ರಮ್ ಬಾರಿಸುವ ಕೆಲವು ಸೆಕೆಂಡುಗಳು ಆಮೇಲೆ ನೂರಾರು ಹಿಪ್‌ಹಾಪ್ ಹಾಡುಗಳ ಅಡಿಪಾಯವಾದವು. ಮೂಲ ಪ್ಲೇಟಿಗೆ ಹಠ ಹಿಡಿಯಬೇಡಿ. ಆ ಹಾಡು 1986ರ 'ಇನ್ ದ ಜಂಗಲ್ ಗ್ರೂವ್' ಸಂಕಲನದಲ್ಲಿದೆ.

ಹಿಪ್‌ಹಾಪ್ ಹುಟ್ಟಿದ್ದೇ ಇಂಥ ರೆಕಾರ್ಡ್‌ಗಳಿಂದ. 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ, 1520 ಸೆಜ್‌ವಿಕ್ ಅವೆನ್ಯೂ ಕಟ್ಟಡದ ಪಾರ್ಟಿಯಲ್ಲಿ ಡಿಜೆ ಕೂಲ್ ಹರ್ಕ್ ಪ್ಲೇಟು ಹಾಕಿದರು. ಹಾಡು ನಿಂತು ಬರೀ ತಾಳ ಉಳಿಯುವ ಜಾಗಕ್ಕೆ ಜನ ಜಾಸ್ತಿ ಕುಣಿಯುತ್ತಾರೆ ಎಂದು ಅವರು ಗಮನಿಸಿದ್ದರು. ಆ ತುಣುಕನ್ನೇ ಎರಡು ಮಷಿನ್ ಇಟ್ಟು ಮತ್ತೆ ಮತ್ತೆ ಹಾಕುವ ಬಗೆ ಅಲ್ಲಿಂದ ಬೆಳೆಯಿತು. ಅದೇ ಬ್ರೇಕ್. ನಮ್ಮ ಹಬ್ಬಗಳಲ್ಲಿ ವಾಲಗದ ಏಟು ಬಿಗಿಯಾದಾಗ ಕೂತವರೂ ಎದ್ದು ನಿಲ್ಲುತ್ತಾರಲ್ಲ, ನನಗೆ ಬ್ರೇಕ್ ಅರ್ಥವಾಗಿದ್ದು ಹಾಗೆ.

ಮೊದಮೊದಲ ಹಿಪ್‌ಹಾಪ್ ಹುಡುಕುವವರು ಆಲ್ಬಮ್‌ಗಿಂತ 12 ಇಂಚಿನ ಸಿಂಗಲ್‌ಗಳನ್ನೇ ಹುಡುಕಬೇಕು. 1979ರಲ್ಲಿ ಶುಗರ್‌ಹಿಲ್ ಗ್ಯಾಂಗ್ ಹಾಡು ಬಂದಿದ್ದು, 1982ರಲ್ಲಿ ಟಾಮಿ ಬಾಯ್ ಲೇಬಲ್‌ನ 'ಪ್ಲಾನೆಟ್ ರಾಕ್' ಬಂದಿದ್ದು ಹಾಗೇ. ಇವೆಲ್ಲ ಸಾವಿರಾರು ಮೈಲಿ ದೂರದ ಪ್ಲೇಟುಗಳು. ನಾನು ಸುತ್ತಾಡಿದ ಕಡೆ ಹಳೇ ಹಿಪ್‌ಹಾಪ್ ರೆಕಾರ್ಡ್‌ಗಳು ಸಿಕ್ಕಿದ್ದು ಬೆರಳೆಣಿಕೆಯಷ್ಟು. ಇಲ್ಲಿ ಆ ಸಂಗೀತ ಬಂದಿದ್ದು ಹೆಚ್ಚಾಗಿ ಕ್ಯಾಸೆಟ್‌ನಲ್ಲಿ. ಬ್ರೇಕ್‌ಗಳನ್ನು ಒಟ್ಟಿಗೆ ಕೇಳಬೇಕೆಂದರೆ 1986ರಿಂದ 1991ರವರೆಗೆ ಬಂದ 'ಅಲ್ಟಿಮೇಟ್ ಬ್ರೇಕ್ಸ್ ಅಂಡ್ ಬೀಟ್ಸ್' ಸರಣಿಯ 25 ಸಂಪುಟಗಳು ಒಳ್ಳೆಯ ಪಾಠಶಾಲೆ.

ನಮ್ಮದೇ ರೆಕಾರ್ಡ್‌ಗಳನ್ನು ಮರೆಯಬೇಡಿ. 1970, 80ರ ದಶಕದ ಹಿಂದಿ ಚಿತ್ರಗಳಲ್ಲಿ ಕಲ್ಯಾಣಜಿ–ಆನಂದಜಿ, ಆರ್.ಡಿ. ಬರ್ಮನ್, ಬಪ್ಪಿ ಲಾಹಿರಿ ಮಾಡಿದ ಫಂಕ್ ಮತ್ತು ಡಿಸ್ಕೊವನ್ನು ಹೊರದೇಶದವರು ಹುಡುಕಿ ಕೊಳ್ಳುತ್ತಾರೆ. 1972ರ 'ಅಪರಾಧ್' ಮತ್ತು 1978ರ 'ಡಾನ್' ಚಿತ್ರಗಳ ತುಣುಕುಗಳನ್ನು ಅಮೆರಿಕದ ಬ್ಲ್ಯಾಕ್ ಐಡ್ ಪೀಸ್ ತಂಡದವರು 2005ರಲ್ಲಿ ಬಳಸಿದರು. ಕನ್ನಡದಲ್ಲಿ 1981ರ 'ಗೀತಾ' ಇದೆ, ಇಳಯರಾಜ ಸಂಗೀತ. ಮುಂಬೈಯಲ್ಲಿ ಹುಟ್ಟಿದ ಆಶಾ ಪುತ್ಲಿ 1976ರಲ್ಲಿ ಮಾಡಿದ ಡಿಸ್ಕೊವನ್ನು ಆಮೇಲೆ ನ್ಯೂಯಾರ್ಕಿನ ರ‍್ಯಾಪರ್‌ಗಳೇ ಬಳಸಿಕೊಂಡರು.

4. ಎಲ್ಲಿ ಹುಡುಕಬೇಕು

ಮೊದಲು ಸುತ್ತಮುತ್ತಲ ಮನೆಗಳು. ಹಳೇ ತೋಟದ ಬಂಗಲೆಗಳಲ್ಲಿ, ಸೈನ್ಯದಿಂದ ನಿವೃತ್ತರಾಗಿ ಬಂದವರ ಮನೆಗಳಲ್ಲಿ ರೆಕಾರ್ಡ್ ಪೆಟ್ಟಿಗೆಗಳು ಇರುತ್ತವೆ. ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪದಲ್ಲಿ ಗುಜರಿ ಕೊಳ್ಳುವವರಿಗೆ ನಿಮ್ಮ ನಂಬರ್ ಕೊಟ್ಟಿಡಿ, ತೂಕಕ್ಕೆ ಹಾಕುವ ಮೊದಲು ಒಂದು ಫೋನ್ ಮಾಡಲು ಹೇಳಿ. ಸಾವಾದ ಮನೆಗೆ ತಿಂಗಳೊಳಗೆ ಹೋಗಿ ಕೇಳಬೇಡಿ. ಕೊಟ್ಟರೆ ನ್ಯಾಯವಾದ ಬೆಲೆ ಕೊಡಿ. ಪೆಟ್ಟಿಗೆಯಲ್ಲಿ ಮನೆಯವರ ಪತ್ರ, ಫೋಟೊ ಇದ್ದರೆ ವಾಪಸ್ ಕೊಟ್ಟು ಬನ್ನಿ. ಇಂಥ ಪೆಟ್ಟಿಗೆಗಳಲ್ಲಿ ಬೋನಿ ಎಂ, ಬೀ ಜೀಸ್ ತಂಡಗಳ ರೆಕಾರ್ಡಿನ ಭಾರತದ ಪ್ರತಿಗಳು ಜಾಸ್ತಿ ಸಿಗುತ್ತವೆ. ನಿಮಿಷಕ್ಕೆ 78 ಸುತ್ತು ತಿರುಗುವ ಹಳೇ ಅರಗಿನ ಪ್ಲೇಟುಗಳೂ ಇರಬಹುದು. ಅವು ಬಿದ್ದರೆ ಒಡೆಯುತ್ತವೆ, ಅವಕ್ಕೆ ಬೇರೆಯದೇ ದಪ್ಪ ಮುಳ್ಳು ಬೇಕು.

ಆಮೇಲೆ ಬೆಂಗಳೂರಿನ ಭಾನುವಾರದ ಸಂತೆ, ಮುಂಬೈಯ ಚೋರ್ ಬಜಾರ್, ಕೋಲ್ಕತ್ತಾದ ಫ್ರೀ ಸ್ಕೂಲ್ ಸ್ಟ್ರೀಟ್. ಬೇಸಿಗೆಯಲ್ಲಿ ಕೊಂಡು ತರುವಾಗ ಕಾರಿನ ಡಿಕ್ಕಿಯಲ್ಲಿ, ಹಿಂದಿನ ಗಾಜಿನ ಕೆಳಗೆ ಇಡಬೇಡಿ. ಊಟಕ್ಕೆ ನಿಲ್ಲಿಸಿದ ಅರ್ಧ ಗಂಟೆಯಲ್ಲಿ ಪ್ಲೇಟು ಬಟ್ಟಲಾಗುತ್ತದೆ. ನಮ್ಮ ಜಿಲ್ಲೆಗೆ ರೈಲು ಇಲ್ಲ, ಮೈಸೂರಿನಿಂದ ಬಸ್ಸೇ. ತೊಡೆಯ ಮೇಲೆ ಇಟ್ಟುಕೊಂಡು ಬನ್ನಿ.

ಹೊರದೇಶದಿಂದ ತರಿಸುವುದಾದರೆ ಡಿಸ್ಕಾಗ್ಸ್ ವೆಬ್‌ಸೈಟ್ ನೋಡಿ. ಒಂದೇ ರೆಕಾರ್ಡಿನ ಬೇರೆ ಬೇರೆ ದೇಶದ, ವರ್ಷದ ಪ್ರತಿಗಳ ವಿವರ ಅಲ್ಲಿ ಇರುತ್ತದೆ. ಅಂಚೆ ಮತ್ತು ಸುಂಕ ಸೇರಿಸಿಯೇ ಬೆಲೆ ಲೆಕ್ಕ ಹಾಕಿ. ಪ್ಲೇಟನ್ನು ಕವರ್‌ನಿಂದ ಹೊರಗೆ ತೆಗೆದು, ಕವರ್ ಹಿಂದೆ ಇಟ್ಟು ಕಳಿಸಲು ಹೇಳಿ. ಇಲ್ಲದಿದ್ದರೆ ದಾರಿಯ ಏಟಿಗೆ ಕವರ್ ಅಂಚು ಸೀಳುತ್ತದೆ. ಎಲ್ಲಕ್ಕಿಂತ ಮುಖ್ಯ, ನವೆಂಬರ್‌ನಿಂದ ಮಾರ್ಚ್ ಒಳಗೆ ಬರುವ ಹಾಗೆ ತರಿಸಿ. ನನ್ನದೊಂದು ಪಾರ್ಸೆಲ್ ಜುಲೈನಲ್ಲಿ ಯಾವುದೋ ಗೋದಾಮಿನಲ್ಲಿ 9 ದಿನ ಕೂತಿತ್ತು. ರಟ್ಟು ಹಿಂಡಿದರೆ ನೀರು ಬರುವಂತಿತ್ತು.

5. ಕೊಳ್ಳುವ ಮೊದಲು ನೋಡುವುದು

ಇಲ್ಲಿ ಅವಸರ ಮಾಡಬೇಡಿ. ಪ್ಲೇಟನ್ನು ಅಂಚು ಮತ್ತು ಮಧ್ಯದ ಲೇಬಲ್ ಹಿಡಿದು ತೆಗೆಯಿರಿ. ಬಿಸಿಲಿಗೆ ಅಥವಾ ಮೊಬೈಲ್ ಟಾರ್ಚಿಗೆ ಓರೆಯಾಗಿ ಹಿಡಿಯಿರಿ. ಕೂದಲೆಳೆಯಂಥ ಗೀರುಗಳು ಹೆಚ್ಚಾಗಿ ಕೇಳಿಸುವುದಿಲ್ಲ. ಉಗುರು ಆಡಿಸಿದಾಗ ತಡೆಯುವ ಗೀರು ಕೇಳಿಸುತ್ತದೆ. ಕಣ್ಣಿನ ಮಟ್ಟಕ್ಕೆ ಹಿಡಿದು ಡೊಂಕು ನೋಡಿ. ಕಪ್ಪು ಮಿರುಗು ಹೋಗಿ ಬೂದು ಬಣ್ಣಕ್ಕೆ ತಿರುಗಿದ ಗೆರೆಗಳು ಭಾರದ ಮುಳ್ಳಿನಲ್ಲಿ ಸವೆದವು. ಅದನ್ನು ಯಾವ ತೊಳೆತವೂ ಸರಿ ಮಾಡುವುದಿಲ್ಲ. ಡಿಜೆಗಳ ಕೈಯಲ್ಲಿದ್ದ ಫಂಕ್, ಹಿಪ್‌ಹಾಪ್ ಪ್ಲೇಟಿನಲ್ಲಿ ಹಾಡಿನ ಶುರು ಮತ್ತು ಬ್ರೇಕ್ ಇರುವ ಜಾಗವನ್ನು ಮುಖ್ಯವಾಗಿ ನೋಡಿ. ಹಿಂದೆ ಮುಂದೆ ಎಳೆದು ಎಳೆದು ಅಲ್ಲೇ ಸವೆದಿರುತ್ತದೆ.

ಮಾರುವವರು ಹಾಕುವ ದರ್ಜೆಗಳು ಹೀಗೆ: ಮಿಂಟ್ (ಹೊಚ್ಚ ಹೊಸದು), ನಿಯರ್ ಮಿಂಟ್, ವಿಜಿ ಪ್ಲಸ್, ವಿಜಿ (ವೆರಿ ಗುಡ್), ಜಿ ಪ್ಲಸ್, ಜಿ. ಜಿ ಎಂದರೆ ಗುಡ್, ಆದರೆ ಅದು ಒಳ್ಳೆಯದು ಎಂದಲ್ಲ. ತುಂಬಾ ಸವೆದಿದೆ ಎಂದೇ ಅರ್ಥ. ಕೇಳಲು ಕೊಳ್ಳುವವರು ವಿಜಿ ಪ್ಲಸ್‌ಗಿಂತ ಕೆಳಗೆ ಇಳಿಯದಿದ್ದರೆ ಒಳ್ಳೆಯದು.

ಅಸಲಿ ಮೊದಲ ಮುದ್ರಣವೇ ಎಂದು ತಿಳಿಯಲು ಹಾಡು ಮುಗಿದ ಮೇಲಿನ ಖಾಲಿ ಜಾಗ ನೋಡಿ. ಅಲ್ಲಿ ಕೆತ್ತಿದ ಅಕ್ಷರ, ಅಂಕಿಗಳಿರುತ್ತವೆ. ಅವನ್ನು ಡಿಸ್ಕಾಗ್ಸ್ ವಿವರಕ್ಕೆ ಹೋಲಿಸಿ. 1974ರ ಪ್ರತಿ ಎಂದು ಹೇಳಿ ಕವರ್ ಹಿಂದೆ ಬಾರ್‌ಕೋಡ್ ಇದ್ದರೆ ಅದು ಆಮೇಲಿನ ಮುದ್ರಣ. ಕವರ್ ಚಿತ್ರ ಮಸುಕಾಗಿ, ಫೋಟೊದ ಫೋಟೊ ತೆಗೆದ ಹಾಗೆ ಕಂಡರೆ ಕಳ್ಳ ಮುದ್ರಣ ಇರಬಹುದು. ಕವರ್ ಮೂಲೆ ಕತ್ತರಿಸಿದ್ದರೆ ಭಯ ಬೇಡ. ಮಾರಾಟವಾಗದೆ ಉಳಿದಿದ್ದನ್ನು ಅಗ್ಗಕ್ಕೆ ಬಿಟ್ಟ ಗುರುತು ಅದು, ಪ್ಲೇಟು ಹೊಸದಾಗಿಯೇ ಇರಬಹುದು.

ಕೊನೆಗೆ ಕವರ್ ಒಳಗೆ ಮೂಗಿಟ್ಟು ವಾಸನೆ ನೋಡಿ. ಮುಗ್ಗಲು ವಾಸನೆ ಬಂದರೆ ಅದನ್ನು ಬೇರೆ ಚೀಲದಲ್ಲಿ ತನ್ನಿ. ಮನೆಯ ಉಳಿದ ರೆಕಾರ್ಡ್‌ಗಳ ಜೊತೆ ಅವತ್ತೇ ಸೇರಿಸಬೇಡಿ.

6. ತೊಳೆಯುವುದು, ಬೂಷ್ಟು ತೆಗೆಯುವುದು

ಬೂಷ್ಟು ಹಿಡಿದ ರೆಕಾರ್ಡನ್ನು ಮನೆಯ ಹೊರಗೆ ತೆರೆಯಿರಿ. ಮುಖಕ್ಕೆ ಮಾಸ್ಕ್ ಹಾಕಿ. ಒಳಗಿನ ಕಾಗದದ ಚೀಲ ಎಸೆದುಬಿಡಿ, ಹೊಸದು ಹಾಕಿ. ಹೊರಗಿನ ಕವರನ್ನು ಒಣ ಬಟ್ಟೆಯಲ್ಲಿ ಒರೆಸಿ, ಗಾಳಿ ಆಡುವ ನೆರಳಲ್ಲಿ ಎರಡು ದಿನ ಬಿಡಿ. ನೇರ ಬಿಸಿಲು ಬೇಡ.

ಪ್ಲೇಟಿಗೆ ಒಂದು ಲೀಟರ್ ಡಿಸ್ಟಿಲ್ಡ್ ನೀರಿಗೆ ಎರಡು ಮೂರು ಹನಿ ಬಣ್ಣ, ವಾಸನೆ ಇಲ್ಲದ ಪಾತ್ರೆ ಸೋಪು. ಬಾವಿ ನೀರು, ನಲ್ಲಿ ನೀರು ಬೇಡ, ಒಣಗಿದ ಮೇಲೆ ಅದರ ಲವಣ ಗೆರೆಯಲ್ಲಿ ಉಳಿಯುತ್ತದೆ. ಮೆತ್ತನೆ ಮೈಕ್ರೊಫೈಬರ್ ಬಟ್ಟೆಯಲ್ಲಿ ಗೆರೆ ಹೋದ ದಿಕ್ಕಿಗೇ ಒರೆಸಿ, ಅಡ್ಡಡ್ಡ ಅಲ್ಲ. ಲೇಬಲ್‌ಗೆ ನೀರು ತಾಗಬಾರದು. ಆಮೇಲೆ ಬರೀ ಡಿಸ್ಟಿಲ್ಡ್ ನೀರಲ್ಲಿ ಎರಡು ಸಲ ತೊಳೆದು, ಪಾತ್ರೆ ಸ್ಟ್ಯಾಂಡಿನಲ್ಲಿ ನಿಲ್ಲಿಸಿ ಒಣಗಿಸಿ. ಜಿಡ್ಡು ಜಾಸ್ತಿ ಇದ್ದರೆ ನೀರಿನಲ್ಲಿ ಹತ್ತರಲ್ಲಿ ಒಂದು ಪಾಲು ಐಸೊಪ್ರೊಪೈಲ್ ಆಲ್ಕೊಹಾಲ್ ಸೇರಿಸಬಹುದು. 78ರ ಅರಗಿನ ಪ್ಲೇಟಿಗೆ ಮಾತ್ರ ಒಂದು ಹನಿಯೂ ಬೇಡ. ಆಲ್ಕೊಹಾಲ್ ಅರಗನ್ನು ಕರಗಿಸುತ್ತದೆ. ಹಳೇ ಹಾಡು ನಿಮ್ಮ ಕಣ್ಣೆದುರೇ ಹೋಗುತ್ತದೆ.

7. ವರ್ಷದ ಲೆಕ್ಕ

ಮೇ ಕೊನೆಯ ವಾರ ಎಲ್ಲ ರೆಕಾರ್ಡ್ ಹೊರಗೆ ತೆಗೆಯುತ್ತೇನೆ. ಒರೆಸಿ, ಒಣಗಿದೆಯೇ ನೋಡಿ, ಮಳೆಗಾಲದಲ್ಲಿ ಕೇಳುವ 30 ಮಾತ್ರ ಡಿಹ್ಯುಮಿಡಿಫೈಯರ್ ಇರುವ ಕೋಣೆಯಲ್ಲಿ. ಉಳಿದವು ಡಬ್ಬಕ್ಕೆ. ಯಾವ ಡಬ್ಬದಲ್ಲಿ ಏನಿದೆ ಎಂದು ಪುಸ್ತಕದಲ್ಲಿ ಬರೆಯುತ್ತೇನೆ: ಹೆಸರು, ಲೇಬಲ್, ಎಲ್ಲಿ ಸಿಕ್ಕಿತು, ಯಾರ ಮನೆಯದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪ್ರತಿ ಭಾನುವಾರ ಡಬ್ಬ ತೆರೆಯದೆ ಹೊರಗಿಂದ ಜೆಲ್ ಬಣ್ಣ ನೋಡುವುದು. ಹಸಿರಾದರೆ ಮಾತ್ರ ತೆರೆದು ಬದಲಾಯಿಸುವುದು. ಕೈಲ್‌ಪೊಳ್ದ್ ಹಬ್ಬ ಸೆಪ್ಟೆಂಬರ್ ಮೊದಲ ವಾರ ಬರುತ್ತದೆ. ಡಬ್ಬ ಬಿಚ್ಚಲು ಆಗ ಮನಸ್ಸಾಗುತ್ತದೆ, ಆದರೆ ಗಾಳಿಯಲ್ಲಿ ಇನ್ನೂ ತೇವ ಇರುತ್ತದೆ. ನಾನು ಅಕ್ಟೋಬರ್‌ನ ಕಾವೇರಿ ಸಂಕ್ರಮಣ ಮುಗಿಯುವವರೆಗೆ ಕಾಯುತ್ತೇನೆ. ಮೀಟರ್ 60ಕ್ಕಿಂತ ಕೆಳಗೆ ಮೂರು ದಿನ ನಿಂತ ಮೇಲೆ ಮೊದಲ ಡಬ್ಬ ತೆರೆಯುತ್ತೇನೆ. ಬಿಡ್ಡು ಅವರ ಪ್ಲೇಟುಗಳು ಇರುವುದು ಅದರಲ್ಲೇ.